ಗೆಳೆಯನಿಗೊಂದು ಪತ್ರ: ಆಜಿಯ ಹೊಸ ವರ್ಷ ಮತ್ತು ನಿನ್ನ ಹಾಳೆ ತಟ್ಟೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಇಲ್ಲಿ ಇಸ್ರೇಲಿನಲ್ಲಿ ಯಹೂದಿ ಹೊಸ ವರ್ಷಕ್ಕೆ ನಿಮ್ಮ ಘಟಕದ ಅಡಿಕೆ ಹಾಳೆ ತಟ್ಟೆ ಕಳಿಸಿದರೆ ಹೋಗುತ್ತಾ, 'ಪರಿಸರಸ್ನೇಹಿ ಹಬ್ಬ' ಅಂತ ಹೇಳಿದರೆ ಜನ ತಗೊಳ್ತಾರಾ ಅಂತ ಕೇಳಿದ್ದೀಯ. ಹೌದು ಅಥವಾ ಇಲ್ಲ ಅಂತ ಒಂದೇ ಸಾಲಿನಲ್ಲಿ ಹೇಳಬಹುದಿತ್ತು. ಆದರೆ ಈ ಹಬ್ಬ ಮನೆಯೊಳಗೆ ಹೇಗೆ ನಡೆಯುತ್ತದೆ ಅಂತ ತಿಳಿಯದೆ ನನ್ನ ಉತ್ತರ ನಿನಗೆ ಹಿಡಿಸೋದಿಲ್ಲ, ಸುಮ್ನೆ ಜಗಳ ಆಗುತ್ತೆ. ಅದಕ್ಕೆ ಉದ್ದ ಬರೆಯುತ್ತಿದ್ದೇನೆ. ಶಿರಸಿಯ ಮಳೆಯಲ್ಲಿ ನಿನಗೂ ಬೇರೆ ಕೆಲಸ ಇರೋದಿಲ್ಲ ಅಲ್ವಾ.

ಹಬ್ಬದ ಹೆಸರು ರೋಶ್ ಹಶಾನಾ. ಇವರ ತಿಶ್ರಿ ತಿಂಗಳ ಮೊದಲ ಎರಡು ದಿನ. ಇವರ ತಿಂಗಳೂ ಚಂದ್ರನನ್ನು ನೋಡಿಯೇ ನಡೆಯುವುದರಿಂದ ತಾರೀಖು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. 2025ರಲ್ಲಿ ಸೆಪ್ಟೆಂಬರ್ 22ರ ಸಂಜೆ ಶುರುವಾಗಿತ್ತು. ಈ ಸಲ, 2026ರಲ್ಲಿ, ಸೆಪ್ಟೆಂಬರ್ 11ರ ಶುಕ್ರವಾರ ಸಂಜೆ. ಭಾನುವಾರ ಕತ್ತಲಾದ ಮೇಲೆ ಇದು ಮುಗಿಯುತ್ತದೆ, ಮಾರನೇ ದಿನ ನಿಮ್ಮಲ್ಲಿ ಚೌತಿ! ಇವರ ಲೆಕ್ಕದಲ್ಲಿ ಬರುವುದು 5787ನೇ ವರ್ಷ. ಪಟಾಕಿ ಇಲ್ಲ, ಕುಣಿತ ಇಲ್ಲ. ಇವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಟಗರಿನ ಕೊಂಬು ಊದುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಆಮೇಲೆ ಉಣ್ಣುತ್ತಾರೆ. ಚೆನ್ನಾಗಿಯೇ ಉಣ್ಣುತ್ತಾರೆ.

ನಾನು ನೋಡಿಕೊಳ್ಳುವ ಆಜಿ ಬೆನೆ ಇಸ್ರೇಲ್ ಜನ, ಅಂದರೆ ಕೊಂಕಣದ ಯಹೂದಿಗಳು. ಅಲಿಬಾಗ್ ಕಡೆಯ ಹಳ್ಳಿ. ಇವರ ಹಿರಿಯರು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಇವರಲ್ಲಿ ಕೆಲಸ ಮಾಡಬಾರದ ದಿನ, ಅವತ್ತು ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಇವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತ ಕರೆಯುತ್ತಿದ್ದರಂತೆ. ನಾವಿರುವ ಅಶ್ದೋದ್‌ನಲ್ಲಿ ಇವರ ಜನ ತುಂಬಾ ಇದ್ದಾರೆ. ಬಂದರಿನ ಊರು, ಮೀನಿನ ವಾಸನೆ, ಅವಲಕ್ಕಿ ಸಿಗುವ ಅಂಗಡಿ. ಕಾರವಾರದವಳಿಗೆ ಇನ್ನೇನು ಬೇಕು? ನಾನು ನಮ್ಮ ಕೊಂಕಣಿ, ಆಜಿ ತಮ್ಮ ಮರಾಠಿ, ನಡುನಡುವೆ ಹೀಬ್ರೂ. ಅಡುಗೆಮನೆಯಲ್ಲಿ ಮಾತು ನಿಲ್ಲುವುದೇ ಇಲ್ಲ. ಸಿಗಡಿ ಮಾತ್ರ ಈ ಮನೆಯೊಳಗೆ ಬರುವ ಹಾಗಿಲ್ಲ. ಈಜುರೆಕ್ಕೆ, ಮೈಮೇಲೆ ಹುರುಪೆ ಎರಡೂ ಇರುವ ಮೀನು ಮಾತ್ರ ಇವರು ತಿನ್ನಬಹುದು. ಆ ದುಃಖ ಇನ್ನೊಂದು ಪತ್ರಕ್ಕಿರಲಿ.

ಈಗ ಊಟದ ವಿಷಯ. ಇದನ್ನು ಗಮನವಿಟ್ಟು ಓದು. ಈ ಹಬ್ಬ ಅಂದರೆ ಜೇನಿನಲ್ಲಿ ಅದ್ದಿದ ಸೇಬು ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಯುರೋಪಿನ ಯಹೂದಿಗಳು ಮಧ್ಯಕಾಲದಲ್ಲಿ ಶುರುಮಾಡಿದ್ದು. ಅದಕ್ಕಿಂತ ಬಹಳ ಹಳೆಯದು ಇವರ ಪುರಾತನ ಧರ್ಮಗ್ರಂಥ ತಾಲ್ಮುದ್‌ನಲ್ಲಿದೆ. ಅಬಾಯೆ ಅನ್ನುವ ಪಂಡಿತ, ಬ್ಯಾಬಿಲೋನಿನವನು, ವರ್ಷದ ಮೊದಲ ದಿನಕ್ಕೆ ಐದು ಪದಾರ್ಥ ಹೇಳಿದ್ದಾನೆ. ಸೋರೆಕಾಯಿ, ಒಂದು ಬಗೆಯ ಕಾಳು, ಈರುಳ್ಳಿ ಜಾತಿಯ ಲೀಕ್, ಬೀಟ್ ಸೊಪ್ಪು, ಖರ್ಜೂರ. ಅಷ್ಟೇ. ಕಾಳು ಅಂದರೆ ಕೆಲವರಿಗೆ ಅಲಸಂದೆ, ಯೆಮೆನ್‌ನಿಂದ ಬಂದವರಿಗೆ ಮೆಂತ್ಯ. ಸೋರೆಕಾಯಿ ಬದಲು ಈಗ ಎಲ್ಲರೂ ಸಿಹಿಗುಂಬಳ ಹಾಕುತ್ತಾರೆ, ಆದರೆ ಗುಂಬಳ ಅಮೆರಿಕದಿಂದ ಬಂದದ್ದು, ಆ ಕಾಲದಲ್ಲಿ ಇಲ್ಲಿ ಇರಲೇ ಇಲ್ಲ. ಇವುಗಳ ಜೊತೆ ದಾಳಿಂಬೆ, ಮತ್ತೆ 'ಬಾಲವಾಗದೆ ತಲೆಯಾಗೋಣ' ಅಂತ ಹೇಳಿಕೊಂಡು ತಿನ್ನಲು ಮೀನಿನ ತಲೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಒಂದೊಂದು ಪ್ರಾರ್ಥನೆ ಹೇಳಿ ತಿನ್ನುತ್ತಾರೆ.

ನೋಡಿದೆಯಾ? ಕಾಳು, ಸೊಪ್ಪು, ಕಾಯಿ, ಹಣ್ಣು. ಸಕ್ಕರೆ ಇಲ್ಲ, ಮೈದಾ ಇಲ್ಲ, ಕರಿದದ್ದಿಲ್ಲ. ಯಾವ ಡಯಟಿಷಿಯನ್ನೂ ಇದಕ್ಕಿಂತ ಒಳ್ಳೆಯ ತಟ್ಟೆ ಹಾಕಿಕೊಡಲಾರಳು. ಎಲ್ಲವೂ ಈ ನೆಲದ್ದು, ಹೆಚ್ಚಿನದು ಈ ಕಾಲದ್ದೇ. ದಾಳಿಂಬೆ ಇಲ್ಲಿ ಕೊಯ್ಲಿಗೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಬರ್ಹಿ ಖರ್ಜೂರ ಹಳದಿ ಗೊಂಚಲಿನ ಸಮೇತ ಮಾರುಕಟ್ಟೆಗೆ ಬಂದಿರುತ್ತದೆ, ಕಚ್ಚಿದರೆ ಕಟುಂ ಅನ್ನುತ್ತದೆ, ಸ್ವಲ್ಪ ಒಗರು. ಉತ್ತರದಲ್ಲಿ ಗೋಲನ್ ಬೆಟ್ಟದ ಸೇಬೂ ಆಗಲೇ ಇಳಿಯುತ್ತದೆ. ನೀರಿನ ಮಾತೂ ಹೇಳಬೇಕು. ಇಲ್ಲಿ ಊರಿನ ಕೊಳಚೆ ನೀರಿನಲ್ಲಿ ಶೇ. 85ಕ್ಕಿಂತ ಜಾಸ್ತಿ ಶುದ್ಧಮಾಡಿ ಹೊಲ ತೋಟಕ್ಕೇ ಬಿಡುತ್ತಾರೆ. ಮರುಭೂಮಿಯ ಎಷ್ಟೋ ಖರ್ಜೂರದ ಮರ ಕುಡಿಯುವುದು ಆ ನೀರನ್ನೇ.

ಅದಕ್ಕೇ ನಾನು ಹೇಳೋದು, ಈ ಹಬ್ಬವನ್ನು ಆರೋಗ್ಯಕರ ಮಾಡಲು, ಪರಿಸರಸ್ನೇಹಿ ಮಾಡಲು ಹೊಸದೇನನ್ನೂ ತಂದು ಸೇರಿಸಬೇಕಾಗಿಲ್ಲ. ನಡುವೆ ಬಂದು ಸೇರಿಕೊಂಡದ್ದನ್ನು ತೆಗೆದರೆ ಸಾಕು. ನಿನ್ನ ತಟ್ಟೆಯ ಮಾತು ಇಲ್ಲಿಗೇ ಬರುತ್ತದೆ, ತಡಿ.

ಆಜಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಹಬ್ಬದ ದಿನ ಅವರನ್ನು ಕಾಯುವುದೇ ನನ್ನ ಕೆಲಸ. ಜೇನು ನೈಸರ್ಗಿಕ, ಏನೂ ಆಗೋದಿಲ್ಲ ಅಂತ ನೆಂಟರೆಲ್ಲ ಬಾಯಿಗಿಡುತ್ತಾರೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇರುತ್ತದೆ ಮಾರಾಯಾ. ಒಂದು ದೊಡ್ಡ ಮೆಜೂಲ್ ಖರ್ಜೂರದಲ್ಲೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅದರಲ್ಲಿ ನಾರಾದರೂ ಇದೆ. ಹಾಗಾಗಿ ನಮ್ಮ ಮನೆಯಲ್ಲಿ ಜೇನಿನ ಬಟ್ಟಲು ಮೇಜಿನ ನಡುವೆ ಇರುವುದಿಲ್ಲ. ಸೇಬಿನ ಹೋಳಿನ ಮೇಲೆ ಎರಡು ಹನಿ ಬಿಟ್ಟು ನಾನೇ ಕೊಡುತ್ತೇನೆ. ಶಾಸ್ತ್ರವೂ ಆಯಿತು, ನಾಲಿಗೆಗೂ ಸಿಹಿ ಸಿಕ್ಕಿತು. ಮೊದಲು ಕಾಳು, ಸೊಪ್ಪು, ಮೀನು, ಕೊನೆಯಲ್ಲಿ ಹಣ್ಣು. ಖಾಲಿ ಹೊಟ್ಟೆಗೆ ಸಿಹಿ ಬೀಳದ ಹಾಗೆ ನೋಡಿಕೊಂಡರೆ ಅರ್ಧ ಗೆದ್ದ ಹಾಗೆ.

ಉಪ್ಪಿನ ಬಗ್ಗೆ ಯಾರೂ ಮಾತಾಡೋದಿಲ್ಲ. ಕೋಷರ್ ಮಾಂಸ, ಅಂದರೆ ಇವರ ಧರ್ಮಕ್ಕೆ ಸಲ್ಲುವ ಮಾಂಸ, ಅದರಲ್ಲಿ ರಕ್ತ ಉಳಿಯಬಾರದು ಅಂತ ದಪ್ಪ ಉಪ್ಪು ಹಚ್ಚಿ ಒಂದು ಗಂಟೆ ಇಟ್ಟು ತೊಳೆದಿರುತ್ತಾರೆ. ಎಷ್ಟು ತೊಳೆದರೂ ಒಂದಿಷ್ಟು ಉಪ್ಪು ಒಳಗೇ ಉಳಿಯುತ್ತದೆ. ಬಿಪಿ ಇರುವವರ ಮನೆಯಲ್ಲಿ ಅಂಥ ಕೋಳಿಯ ಸಾರಿಗೆ ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡಬೇಕು. ಬಹಳ ಸಲ ಬೇಕಾಗುವುದೇ ಇಲ್ಲ.

ಇನ್ನು ಹಲ್ವಾ. ಬೆನೆ ಇಸ್ರೇಲ್ ಮನೆಯಲ್ಲಿ ರೋಶ್ ಹಶಾನಾ ಅಂದರೆ ತೆಂಗಿನ ಹಾಲಿನ ಹಲ್ವಾ. ಮಾಂಸದೂಟದ ಜೊತೆ ಹಾಲು ತುಪ್ಪ ಮುಟ್ಟುವ ಹಾಗಿಲ್ಲ, ಆದ್ದರಿಂದ ಇವರ ಸಿಹಿಯೆಲ್ಲ ತೆಂಗಿನಕಾಯಿ ಮೇಲೆಯೇ ನಿಂತಿದೆ. ತಳ ಹಿಡಿಯದ ಹಾಗೆ ಗಂಟೆಗಟ್ಟಲೆ ತಿರುವಬೇಕು, ತೋಳು ಬಿದ್ದುಹೋಗುತ್ತದೆ. ಆಜಿಯ ಮೊಮ್ಮಗಳು ಸಕ್ಕರೆ ಬದಲು ಏನೋ ಪುಡಿ ಹಾಕಿ ಮಾಡೋಣ ಅಂದಳು. ನಾನು ಬೇಡ ಅಂದೆ. ಅದು ಹಲ್ವಾನೂ ಅಲ್ಲ, ಔಷಧಿನೂ ಅಲ್ಲ. ಸರಿಯಾದ ಹಲ್ವಾವನ್ನೇ ಮಾಡೋಣ, ಆದರೆ ದೊಡ್ಡ ಪರಾತದ ಬದಲು ಚಿಕ್ಕ ತಟ್ಟೆಯಲ್ಲಿ ಸುರಿಯೋಣ, ತುಂಡು ನನ್ನ ಹೆಬ್ಬೆರಳ ಉಗುರಿನಷ್ಟಿರಲಿ ಅಂತ ಹೇಳಿದೆ. ಬಣ್ಣದ ಪುಡಿ ಮಾತ್ರ ತೆಗೆದುಹಾಕಿದೆವು. ಎರಡು ಚಮಚ ಬೀಟ್‌ರೂಟ್ ರಸ ಬಿಟ್ಟರೆ ಅದೇ ಗುಲಾಬಿ ಬಣ್ಣ ಬರುತ್ತದೆ. ತೆಂಗಿನಕಾಯಿ ಹಡಗಿನಲ್ಲಿ ಬರೋದಲ್ವಾ, ಅದು ಪರಿಸರಕ್ಕೆ ಒಳ್ಳೆಯದಾ ಅಂತ ನೀನು ಕೇಳ್ತೀಯ ಅಂತ ಗೊತ್ತು. ಕೇಳಬೇಡ. ತೆಂಗಿನಕಾಯಿ ಬಿಡೋದಿಲ್ಲ.

ಹಾಗಾದರೆ ಹಬ್ಬವನ್ನು ಕೆಡಿಸೋದು ಯಾವುದು? ಮೊದಲನೆಯದು ಗಿಫ್ಟ್ ಪೆಟ್ಟಿಗೆ. ಹಬ್ಬ ಬಂತು ಅಂದರೆ ಕಂಪನಿಗಳು ಕೆಲಸಗಾರರಿಗೆ ಉಡುಗೊರೆ ಕೊಡಬೇಕು. ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಕಾಗದದ ಚೂರು, ಅದರೊಳಗೆ ಕಿರುಬೆರಳಿನಷ್ಟು ಜೇನಿನ ಬಾಟಲಿ, ಒಂದು ವೈನು, ಯಾರೂ ತಿನ್ನದ ಚಾಕಲೇಟು. ಆಜಿಯ ಮಕ್ಕಳೆಲ್ಲ ಒಂದೊಂದು ಹೊತ್ತು ತರುತ್ತಾರೆ. ಎರಡನೆಯದು ಅಳತೆ ಮೀರಿದ ಅಡುಗೆ. ಮೂರನೆಯದು ಪ್ಲಾಸ್ಟಿಕ್ ತಟ್ಟೆ ಲೋಟ.

ಪ್ಲಾಸ್ಟಿಕ್ಕಿನ ಕತೆ ಸ್ವಲ್ಪ ಹೇಳಲೇಬೇಕು, ನಿನ್ನ ವ್ಯಾಪಾರದ ವಿಷಯ. ಹಬ್ಬದ ದಿನ, ಶನಿವಾರ, ಆಚಾರವಂತರು ಕರೆಂಟಿನ ಸ್ವಿಚ್ ಮುಟ್ಟುವುದಿಲ್ಲ, ಅಂದರೆ ಪಾತ್ರೆ ತೊಳೆಯುವ ಮೆಷಿನ್ ನಿಂತಿತು. ಮನೆ ತುಂಬ ಜನ. ಮಾಂಸಕ್ಕೆ ಬೇರೆ ತಟ್ಟೆ, ಹಾಲಿಗೆ ಬೇರೆ ತಟ್ಟೆ. ಉಂಡು ಎಸೆಯುವ ತಟ್ಟೆ ಇವರಿಗೆ ದೇವರೇ ಕಳಿಸಿದ ವರ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. 2021ರ ನವೆಂಬರಿನಲ್ಲಿ ಸರಕಾರ ಅದರ ಮೇಲೆ ಕಿಲೋಗೆ 11 ಶೆಕೆಲ್ (ಇಲ್ಲಿಯ ದುಡ್ಡು) ತೆರಿಗೆ ಹಾಕಿತು. ಬೆಲೆ ಏರಿತು, ದೊಡ್ಡ ಸಂಸಾರದ ಧಾರ್ಮಿಕ ಜನ ಇದು ನಮಗೇ ಇಟ್ಟ ಗುರಿ ಅಂತ ಸಿಟ್ಟಾದರು, ಸರಕಾರ ಬದಲಾಯಿತು, 2023ರಲ್ಲಿ ತೆರಿಗೆಯೂ ಹೋಯಿತು. ನಾವು ನಗುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧ ಆಯಿತು, ಆಮೇಲೂ ಎಷ್ಟು ಮದುವೆಮನೆ ಹಿಂದೆ ಅದರ ರಾಶಿ ನೋಡಿದ್ದೇವೆ ನೀನೂ ನಾನೂ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಈ ಮನೆಗೆ ನಿನ್ನ ತಟ್ಟೆ ಬೇಡ. ಆಜಿ ಮುಂಬೈನಿಂದ ಹಡಗಿನಲ್ಲಿ ತಂದ ಸ್ಟೀಲ್ ತಟ್ಟೆ ಇನ್ನೂ ಹೊಳೆಯುತ್ತಿವೆ, ಹಿಂದೆ ಹೆಸರು ಕೊರೆಸಿದ್ದಾರೆ. ಇಷ್ಟು ವರ್ಷ ಅವನ್ನು ಅಟ್ಟಕ್ಕೆ ಹಾಕಿ ಪ್ಲಾಸ್ಟಿಕ್ ತರುತ್ತಿದ್ದರು. ಇಳಿಸಿದೆವು. ಆ ದಿನದ ಊಟಕ್ಕೆ ಬೇಕಾದ ತಟ್ಟೆಯನ್ನು ಕೈಯಲ್ಲಿ ತೊಳೆಯಲು ಅಡ್ಡಿಯಿಲ್ಲ, ಉಳಿದದ್ದನ್ನು ಹಬ್ಬ ಮುಗಿದ ಮೇಲೆ ಒಟ್ಟಿಗೆ ತೊಳೆದರಾಯಿತು. ಶಿರಸಿಯಲ್ಲಿ ಒತ್ತಿ, ಪ್ಲಾಸ್ಟಿಕ್ಕಿನಲ್ಲೇ ಸುತ್ತಿ, ಹಡಗು ಹತ್ತಿಸಿ, ಅರ್ಧ ಗಂಟೆ ಉಂಡು ಎಸೆಯುವ ತಟ್ಟೆ ತೊಳೆಯುವ ತಟ್ಟೆಗಿಂತ ಹೇಗೆ ಒಳ್ಳೆಯದು, ನೀನೇ ಹೇಳು. ಆದರೆ ಸಿನಗಾಗ್ ಹಾಲ್‌ನಲ್ಲಿ ಪ್ರಾರ್ಥನೆ ಆದ ಮೇಲೆ ಜನಕ್ಕೆಲ್ಲ ತಿಂಡಿ ಕೊಡುತ್ತಾರೆ. ಅಲ್ಲಿ ತೊಳೆಯುವವರಿಲ್ಲ, ಈಗ ಪ್ಲಾಸ್ಟಿಕ್ಕೇ ನಡೆಯುತ್ತಿದೆ. ಅಲ್ಲಿ ನಿನ್ನ ತಟ್ಟೆಗೆ ಜಾಗ ಇದೆ ಅಂತ ನನಗೂ ಅನ್ನಿಸುತ್ತೆ. ಕೇಳಿ ನೋಡುತ್ತೇನೆ. 2025ರ ಮೇ ತಿಂಗಳಲ್ಲಿ ಅಮೆರಿಕದವರು ಅಡಿಕೆಯ ಅಂಶ ಊಟಕ್ಕೆ ಇಳಿಯಬಹುದು ಅಂತ ಹಾಳೆ ತಟ್ಟೆಯ ಆಮದಿಗೆ ಅಡ್ಡ ನಿಂತದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಇಲ್ಲಿಯವರೂ ಅದನ್ನೇ ಕೇಳುತ್ತಾರೆ. ಬಿಸಿ ಸಾರು ಹಾಕಿ ಮಾಡಿಸಿದ ಪರೀಕ್ಷೆಯ ವರದಿ ಇದ್ದರೆ ಮೊದಲು ಅದನ್ನು ಕಳಿಸು, ತಟ್ಟೆ ಆಮೇಲೆ.

ಅಡುಗೆಯ ಅಳತೆಗೆ ನಾವು ಮಾಡಿದ್ದು ಬಹಳ ಸರಳ. ಯಾರು ಎಷ್ಟು ಹೊತ್ತು ಇರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ ಬರೆದುಕೊಳ್ಳುತ್ತೇನೆ. ದೊಡ್ಡ ಮಗ ಕಟ್ಟುನಿಟ್ಟು, ಶುಕ್ರವಾರ ಬಂದರೆ ಭಾನುವಾರ ರಾತ್ರಿಯವರೆಗೆ ಕಾರು ಮುಟ್ಟುವುದಿಲ್ಲ, ಸಿನಗಾಗ್‌ಗೂ ನಡೆದೇ ಹೋಗುತ್ತಾನೆ. ಚಿಕ್ಕವನು ಉಂಡು ಹೊರಡುತ್ತಾನೆ. ಇಬ್ಬರಿಗೂ ಒಂದೇ ಲೆಕ್ಕ ಹಿಡಿದರೆ ಅನ್ನ ಕಸಕ್ಕೆ ಹೋಗುತ್ತದೆ. ಬೀಟ್‌ರೂಟ್ ತಂದರೆ ಗಡ್ಡೆ ಸಲಾಡಿಗೆ, ಸೊಪ್ಪು ಪಲ್ಯಕ್ಕೆ. ಗುಂಬಳದ ಬೀಜ ಹುರಿದರೆ ಇಲ್ಲಿಯವರು ಮಾತಾಡುತ್ತಾ ಎಷ್ಟು ಬೇಕಾದರೂ ಬಿಡಿಸಿ ತಿನ್ನುತ್ತಾರೆ.

ಸೊಪ್ಪಿನ ಮಾತು ಬಂತಲ್ಲ, ಹುಳ ತಿನ್ನುವುದು ಇವರಲ್ಲಿ ದೊಡ್ಡ ನಿಷೇಧ. ಆಚಾರವಂತರು ಹುಳ ಹತ್ತದ ಹಾಗೆ ಹಸಿರುಮನೆಯಲ್ಲಿ ಬೆಳೆದ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದ ಸೊಪ್ಪೇ ತರುತ್ತಾರೆ. ಆಜಿ ಮಾತ್ರ ಮಾರುಕಟ್ಟೆಯ ಸೊಪ್ಪು ತರಿಸಿ, ಕನ್ನಡಕ ಹಾಕಿಕೊಂಡು, ಎಲೆ ಎಲೆ ತಿರುಗಿಸಿ ನೋಡುತ್ತಾರೆ. ಅಲಸಂದೆಯನ್ನೂ ಹಾಗೆಯೇ ತಟ್ಟೆಯಲ್ಲಿ ಹರಡಿ ಆರಿಸುತ್ತಾರೆ. ಅವರಿಗೂ ಹೊತ್ತು ಹೋಗುತ್ತೆ, ಕೈಬೆರಳಿಗೂ ವ್ಯಾಯಾಮ.

ಈ ಸಲದ ಹಬ್ಬಕ್ಕೆ ಒಂದು ತೊಡಕಿದೆ. ಮೊದಲ ದಿನವೇ ಶನಿವಾರ. ಬರೀ ಹಬ್ಬದ ದಿನವಾಗಿದ್ದರೆ ಮೊದಲೇ ಉರಿಯುತ್ತಿರುವ ಬೆಂಕಿಯಲ್ಲಿ ಅಡುಗೆ ಮಾಡಬಹುದು, ಶನಿವಾರ ಅದೂ ಇಲ್ಲ. ಶುಕ್ರವಾರವೇ ಬೇಯಿಸಿ ಪ್ಲಾಟಾ ಅನ್ನುವ ಕರೆಂಟಿನ ಬಿಸಿ ತಗಡಿನ ಮೇಲೆ ಇಡುತ್ತಾರೆ, ಅದು ಎರಡು ದಿನ ಸುಮ್ನೆ ಉರಿಯುತ್ತಿರುತ್ತದೆ. ಹೊರಗೆ ಸೆಪ್ಟೆಂಬರಿನ ಸೆಕೆ, ಒಳಗೆ ಎಸಿ, ಅದರ ಪಕ್ಕದಲ್ಲೇ ಈ ಒಲೆ! ನಾನೂ ಆಜಿಯೂ ಕೂತು ಶನಿವಾರ ಮಧ್ಯಾಹ್ನಕ್ಕೆ ತಣ್ಣಗೆ ತಿನ್ನುವುದನ್ನೇ ಇಟ್ಟಿದ್ದೇವೆ. ಅಲಸಂದೆ ಉಸಲಿ, ಬೀಟ್‌ರೂಟ್ ಸಲಾಡು, ನಿಂಬೆ ಹಿಂಡಿದ ಮೀನು, ದಾಳಿಂಬೆ. ಪ್ಲಾಟಾವನ್ನು ಟೈಮರಿಗೆ ಹಾಕಿದರೆ ಶುಕ್ರವಾರ ರಾತ್ರಿ ಊಟಕ್ಕೆ ಮಾತ್ರ ಸಾಕು. ತೆಂಗಿನ ಹಾಲಿನ ಮೀನು ಸಾರು ಭಾನುವಾರಕ್ಕೆ, ಶುಕ್ರವಾರ ಹಚ್ಚಿಟ್ಟ ದೊಡ್ಡ ಮೇಣದ ದೀಪದಿಂದ ಒಲೆ ಹೊತ್ತಿಸಿ. ಅದನ್ನು ಆ ಸೆಕೆಯಲ್ಲಿ ಎರಡು ದಿನ ಬೆಚ್ಚಗೆ ಇಟ್ಟರೆ ಹೊಟ್ಟೆ ಕೆಡದೆ ಇರುತ್ತಾ?

ನೀನು ಯಹೂದಿ ಅಲ್ಲವಲ್ಲ, ಸ್ವಿಚ್ ನೀನೇ ಹಾಕಬಹುದಲ್ಲ ಅಂತೀಯ. ತಮಗಾಗಿ ಹಾಕು ಅಂತ ಅವರು ನನಗೆ ಹೇಳುವ ಹಾಗೂ ಇಲ್ಲ. ಆಜಿ ಒಂದು ಉಪಾಯ ಮಾಡುತ್ತಾರೆ. "ಏನೋ ಕತ್ತಲೆ ಅನ್ನಿಸ್ತಿದೆಯಪ್ಪ" ಅಂತ ಗೋಡೆಗೆ ಹೇಳುತ್ತಾರೆ. ನನಗೆ ಕೇಳಿಸುತ್ತದೆ.

ವ್ಯರ್ಥ ಮಾಡಬಾರದು ಅನ್ನುವುದು ಇವರ ಧರ್ಮದಲ್ಲೇ ಇದೆ. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬೇಡ ಅಂತ ಇವರ ಮೂಲ ಧರ್ಮಗ್ರಂಥ ತೋರಾ ಹೇಳುತ್ತದೆ, ಪಂಡಿತರು ಅದನ್ನು ಬಟ್ಟೆ, ಪಾತ್ರೆ, ಅನ್ನ ಎಲ್ಲದಕ್ಕೂ ಹಿಗ್ಗಿಸಿದ್ದಾರೆ. ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು ಅನ್ನೋದೂ ಇದೆ. ಲೆಕೆತ್ ಇಸ್ರೇಲ್ ಅನ್ನುವ ಸಂಸ್ಥೆ ಈಗ ಅದನ್ನೇ ಮಾಡುತ್ತದೆ. ಹೊಲದಲ್ಲಿ ಉಳಿದ ತರಕಾರಿಯನ್ನು ಸ್ವಯಂಸೇವಕರು ಹೋಗಿ ಆರಿಸುತ್ತಾರೆ, ಸಮಾರಂಭದ ಹಾಲ್‌ಗಳಲ್ಲಿ ಮಿಕ್ಕ ಊಟವನ್ನೂ ಎತ್ತಿ ಬೇಕಾದವರಿಗೆ ಮುಟ್ಟಿಸುತ್ತಾರೆ. ಗಿಫ್ಟ್ ಪೆಟ್ಟಿಗೆಯ ದುಡ್ಡನ್ನು ಇಂಥದಕ್ಕೆ ಕೊಟ್ಟರೆ ಎಷ್ಟು ಚೆನ್ನ ಅಂತ ಆಜಿಯ ಮಗಳು ತನ್ನ ಆಫೀಸಿನಲ್ಲಿ ಹೇಳಿದಳಂತೆ. ಪೆಟ್ಟಿಗೆ ಬಂದೇ ಬಂತು.

ಹಬ್ಬದ ಮಧ್ಯಾಹ್ನ ತಶ್ಲಿಖ್ ಅಂತ ಒಂದಿದೆ. ನೀರಿನ ಹತ್ತಿರ ಹೋಗಿ, ವರ್ಷದ ಪಾಪವನ್ನೆಲ್ಲ ನೀರಿಗೆ ಹಾಕಿ ಬರುವುದು. ಜೇಬು ಕೊಡವುತ್ತಾರೆ, ಕೆಲವರು ಬ್ರೆಡ್ಡಿನ ಚೂರು ಎಸೆಯುತ್ತಾರೆ. ಈ ಸಲ ಮೊದಲ ದಿನ ಶನಿವಾರವಾದ್ದರಿಂದ ಹೆಚ್ಚಿನವರು ಭಾನುವಾರ ಹೋಗುತ್ತಾರೆ. ನಮ್ಮದು ಸಮುದ್ರದ ಊರು, ಆಜಿಯ ಗಾಲಿಕುರ್ಚಿ ತಳ್ಳಿಕೊಂಡು ದಂಡೆಯವರೆಗೂ ಹೋಗಬಹುದು. ಬ್ರೆಡ್ಡು ಎಸೆಯುವುದು ನೀರಿಗೂ ಒಳ್ಳೆಯದಲ್ಲ, ಹಕ್ಕಿಗಳಿಗೂ ಒಳ್ಳೆಯದಲ್ಲ, ಪ್ರಾರ್ಥನೆಗೆ ಅದು ಬೇಕಾಗಿಯೂ ಇಲ್ಲ. ಈ ದಂಡೆಯ ಮರಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ ಮಾರಾಯಾ. 2021ರ ಫೆಬ್ರವರಿಯಲ್ಲಿ ಡಾಂಬರಿನ ಉಂಡೆಗಳು ಬಂದು ಕರಾವಳಿಯುದ್ದಕ್ಕೂ ಬಿದ್ದಾಗ ಸಾವಿರಾರು ಜನ ಕೈಗವಸು ಹಾಕಿಕೊಂಡು ಹೆಕ್ಕಿದ್ದರು. ಈಗ ಕೆಲವು ಕಡೆ ತಶ್ಲಿಖ್ ಅನ್ನೇ ತಿರುಗಿಸಿ, ನೀರಿಗೆ ಹಾಕುವ ಬದಲು ನೀರಿನಿಂದ ಕಸ ತೆಗೆಯುತ್ತಾರೆ. ಆಚಾರವಂತರು ಹಬ್ಬದ ದಿನ ಕಸ ಮುಟ್ಟಿ ಹೊರುವುದಿಲ್ಲ, ಆದರೆ ತಶ್ಲಿಖ್‌ಗೆ ಆಮೇಲೂ ವಾರಗಟ್ಟಲೆ ಅವಕಾಶ ಇದೆ. ನಾನು ಮತ್ತು ಮೊಮ್ಮಕ್ಕಳು ಹಬ್ಬದ ಮರುವಾರ ಚೀಲ ಹಿಡಿದು ಹೋಗುವುದು ಅಂತ ಮಾತಾಗಿದೆ. ಆಜಿ ಕುರ್ಚಿಯಲ್ಲಿ ಕೂತು, ಅಗೋ ಅಲ್ಲಿದೆ, ಇಗೋ ಇಲ್ಲಿದೆ ಅಂತ ಬೆರಳು ತೋರಿಸುವುದು.

ಎರಡನೇ ರಾತ್ರಿ ಹೊಸ ಹಣ್ಣು ತಿನ್ನಬೇಕು, ಆ ವರ್ಷ ಇನ್ನೂ ಬಾಯಿಗೆ ಹಾಕದ ಹಣ್ಣು. ಸೂಪರ್ ಮಾರ್ಕೆಟ್ಟಿನಲ್ಲಿ ವಿಮಾನದಲ್ಲಿ ಬಂದ ಎಂಥೆಂಥದೋ ಹಣ್ಣಿಗೆ ಜನ ಮುಗಿಬೀಳುತ್ತಾರೆ. ನಾವು ಪೇರಳೆ ತರುತ್ತೇವೆ. ಆಗ ತಾನೇ ಬರಲು ಶುರುವಾಗಿರುತ್ತದೆ, ಮನೆಯೆಲ್ಲ ಘಮ ಅನ್ನುತ್ತದೆ.

ಇನ್ನೊಂದು ವಿಷಯ, ಮರೆಯುವ ಮೊದಲು. ಹಬ್ಬದ ದಿನ ಮನೆಗೆ ಬಂದ ಕೂಸಿಗೂ ಬೆರಳಲ್ಲಿ ಜೇನು ಅದ್ದಿ ನೆಕ್ಕಿಸಲು ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಮ್ ರೋಗಾಣು ದೊಡ್ಡವರ ಹೊಟ್ಟೆಯಲ್ಲಿ ಏನೂ ಮಾಡೋದಿಲ್ಲ, ಕೂಸಿನ ಹೊಟ್ಟೆಯಲ್ಲಿ ಬೆಳೆದು ವಿಷ ಬಿಡುತ್ತದೆ, ಮೈಯೆಲ್ಲ ಸಡಿಲ ಬಿದ್ದು ಉಸಿರಿಗೇ ಕಷ್ಟವಾಗಬಹುದು. ಕಾಯಿಸಿದ ಜೇನಾದರೂ ಬೇಡ, ಕಾಡಿನ ಅಪ್ಪಟ ಜೇನಾದರೂ ಬೇಡ. ನಿನ್ನ ಅಕ್ಕನ ಮಗುವಿಗೆ ನಾಮಕರಣದಲ್ಲಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತೇವೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳುತ್ತಿದ್ದರು. ನಾನು ಹೇಳಿದರೆ ಕೇಳೋದಿಲ್ಲ, ನೀನು ಇವತ್ತೇ ಹೇಳು, ಡಾಕ್ಟರ ಹತ್ತಿರವೂ ಹೇಳಿಸು.

ಚೌತಿಗೆ ಎಲ್ಲರಿಗೂ ನನ್ನ ನಮಸ್ಕಾರ. ಅಮ್ಮನ ಕಾಯಿಕಡುಬಿನ ಫೋಟೋ ಕಳಿಸಿ ಹೊಟ್ಟೆ ಉರಿಸಬೇಡ.

ನಿನ್ನ ಕಾರವಾರದ ಗೆಳತಿ,
ಅಶ್ದೋದ್‌ನಿಂದ